ಒಲೆಯ ಮೇಲಿನ ಸೀಸ

1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ನನ ಸೈನಿಕರಿಗೆ ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಲಾಯಿತು. ಅಂದೇ ಜನರ ಗುಂಪೊಂದು ಬೌಲಿಂಗ್ ಗ್ರೀನ್‌ಗೆ ನುಗ್ಗಿ, ದೊರೆ ಮೂರನೆಯ ಜಾರ್ಜನ ಅಶ್ವಾರೂಢ ಪ್ರತಿಮೆಯನ್ನು ಕೆಡವಿಹಾಕಿತು. ಹೊರಗೆ ಚಿನ್ನದ ಲೇಪ, ಒಳಗೆಲ್ಲ ಸೀಸ. ಅದರ ತುಂಡುಗಳಲ್ಲಿ ಹೆಚ್ಚಿನವು ಕನೆಕ್ಟಿಕಟ್ ಪ್ರಾಂತ್ಯದ ಲಿಚ್‌ಫೀಲ್ಡ್ ಊರಿಗೆ, ಆಲಿವರ್ ವೋಲ್ಕಾಟ್‌ನ ಮನೆಗೆ ಸಾಗಿದವು. ಅಲ್ಲಿ ಹೆಂಗಸರೂ ಮಕ್ಕಳೂ ಕುಳಿತು ಅರಸನನ್ನು ಕರಗಿಸಿ ಗುಂಡುಗಳನ್ನು ಎರೆದರು.

ಚಿತ್ರಕಾರರಿಗೆ ಪ್ರಿಯವಾದದ್ದು ಪ್ರತಿಮೆ ಉರುಳಿದ ಗಳಿಗೆ. ನನಗಾದರೋ ವೋಲ್ಕಾಟ್ ಬರೆದಿಟ್ಟ ಲೆಕ್ಕದ ಚೀಟಿಯೇ ಹೆಚ್ಚಿನದು. ಮಗಳು ಲಾರಾ 8,378. ಇನ್ನೊಬ್ಬ ಮಗಳು ಮೇರಿ ಆ್ಯನ್ 10,790. ಎಂಟು ವರ್ಷದ ಮಗ ಫ್ರೆಡರಿಕ್ 936. ರೂತ್ ಮಾರ್ವಿನ್ ಎಂಬಾಕೆ 11,592. ಒಟ್ಟು 42,088 ತೋಟಾಗಳು. ಯಾರ ಕೈ ಎಷ್ಟು ದುಡಿಯಿತೆಂಬುದನ್ನು ಹೆಸರು ಹಿಡಿದು ಬರೆದ ಇಂಥ ಕಾಗದ ಯುದ್ಧದ ಚರಿತ್ರೆಯಲ್ಲಿ ಅಪರೂಪ.

ಈ ಕೆಲಸ ಮನೆಯೊಳಗೆ ನಡೆಯಲು ಕಾರಣ ಸೀಸದ ಸ್ವಭಾವವೇ. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸಕ್ಕೆ 327 ಸಾಕು. ಕುಲುಮೆಯ ಹಂಗಿಲ್ಲ, ಅಡುಗೆಯ ಒಲೆಯೇ ಆದೀತು. ಒಂದು ಬಾಣಲೆ, ಒಂದು ಸೌಟು, ಇಕ್ಕಳದಂತೆ ತೆರೆದು ಮುಚ್ಚುವ ಒಂದು ಅಚ್ಚು, ಇಷ್ಟೇ ಬಂಡವಾಳ. ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿದರೆ ಆ ಕಾಲದ ತೋಟಾ ಸಿದ್ಧ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಗದದ ಸ್ಥಾನಕ್ಕೆ ಹಿತ್ತಾಳೆಯ ಕೊಳವೆ ಬಂದಾಗ ಲೆಕ್ಕ ತಿರುವುಮುರುವಾಯಿತು. ತೋಟಾದಲ್ಲಿ ದುಬಾರಿಯಾದದ್ದು ಗುಂಡಲ್ಲ, ಮದ್ದೂ ಅಲ್ಲ. ಹಾರಿಸಿದ ಮೇಲೆ ಖಾಲಿಯಾಗಿ ಉಳಿಯುವ ಆ ಹಿತ್ತಾಳೆ. ಅದನ್ನು ಹೆಕ್ಕಿ, ಹಿಗ್ಗಿದ ಬಾಯನ್ನು ಸರಿಪಡಿಸಿ, ಹೊಸ ಕೇಪು, ಮದ್ದು, ಗುಂಡು ತುಂಬಿದರೆ ಮತ್ತೆ ಬಳಸಬಹುದು. (ಮಲೆನಾಡಿನ ಶಿಕಾರಿ ಕಥೆಗಳನ್ನು ಓದಿದವರಿಗೆ ಕೇಪಿನ ಕೋವಿ, ತೋಟಾ ಕೋವಿಗಳ ಭೇದವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ಮುಂದಿನ ಕಥೆಯೆಲ್ಲ ಅಮೆರಿಕದ್ದೇ.) ಬಯಲುಸೀಮೆಯ ಕಾಡೆಮ್ಮೆ ಬೇಟೆಗಾರರು ಹಗಲು ಹಾರಿಸಿದ ಕೊಳವೆಗಳನ್ನು ರಾತ್ರಿ ಬೆಂಕಿಯ ಪಕ್ಕದಲ್ಲಿ ಕುಳಿತು ತುಂಬುತ್ತಿದ್ದರು. 1884ರಲ್ಲಿ ಜಾನ್ ಬಾರ್ಲೋ ಸ್ಥಾಪಿಸಿದ ಐಡಿಯಲ್ ಕಂಪನಿ ಈ ಕೆಲಸಕ್ಕೆಂದೇ ಕೈ ಇಕ್ಕಳಗಳನ್ನು ಮಾರತೊಡಗಿತು.

ಈ ಬೇಟೆಗಾರರ ಮಿತವ್ಯಯವು ಸಾಮಾನ್ಯ ಸಂಸಾರದ ಹವ್ಯಾಸವಾಗಿ ಹಬ್ಬಿದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಕೊಲ್ಲಲೆಂದು ರಾಶಿ ಹಾಕಿದ ಸರಕು ಶಾಂತಿ ಬಂದೊಡನೆ ಸರ್ಕಾರಕ್ಕೆ ಭಾರವಾಯಿತು. ಕ್ಯಾನ್ಸಾಸ್‌ನ ಬ್ರೂಸ್ ಹಾಜ್ಡನ್ ತನ್ನ ಜೀವವಿಮೆಯ ಮೇಲೆ ಸಾಲ ತೆಗೆದು ಸೈನ್ಯದ ಮಿಗತೆ ಮದ್ದನ್ನು ಕೊಂಡು ಅಗ್ಗದ ದರಕ್ಕೆ ಮಾರಿದ. ಕುಟುಂಬವೇ ಅಂಗಡಿಯಾಯಿತು. ಕ್ಯಾಲಿಫೋರ್ನಿಯದ ಫ್ರೆಡ್ ಹಂಟಿಂಗ್‌ಟನ್ ಅದಕ್ಕೂ ಮುನ್ನ, ಯುದ್ಧದ ನಡುವೆಯೇ, ಹಾರಿಸಿ ಬಿಸಾಡಿದ ಪುಟ್ಟ ತೋಟಾ ಕೊಳವೆಗಳನ್ನೇ ಗುಂಡಿನ ಕವಚವಾಗಿ ಒತ್ತುವ ಅಚ್ಚು ಮಾಡಿದ್ದ. 1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ ತಂದ ಉಪಕರಣಕ್ಕೆ ಯಂತ್ರವೂ ಬೇಡವಾಯಿತು, ಸುತ್ತಿಗೆಯಿದ್ದರೆ ಸಾಕು. ಸೀಸವಂತೂ ಬಿಟ್ಟಿ: ಟೈರ್ ಅಂಗಡಿಯವರು ಬದಲಿಸಿ ಎಸೆದ ಚಕ್ರದ ತೂಕದ ತುಂಡುಗಳನ್ನು ಬಕೆಟ್ಟುಗಟ್ಟಲೆ ತಂದು ಕರಗಿಸಿದರಾಯಿತು.

ಹೀಗೆ ಕಾರ್ಮಿಕನೂ ರೈತನೂ ಮನೆಯ ಖರ್ಚಿಗೆ ಕೈಯಿಕ್ಕದೆ ಗುರಿಯ ಅಭ್ಯಾಸ ಮಾಡುವಂತಾಯಿತು. ಇದನ್ನು ಹಗುರವಾಗಿ ಕಾಣಲಾರೆ. ಬೇಟೆಯ ಮಾಂಸದಿಂದ ಚಳಿಗಾಲ ಕಳೆಯುವ ಸಂಸಾರಗಳಿಗೆ ಒಂದೊಂದು ತೋಟಾದ ಬೆಲೆಯೂ ಮುಖ್ಯವೇ. ಆದರೆ ಉಳಿತಾಯದ ಪಟ್ಟಿಯಲ್ಲಿ ಹಿತ್ತಾಳೆ, ಮದ್ದು, ಕೇಪುಗಳಿಗೆ ಒಂದೊಂದು ಸಾಲಿರುತ್ತದೆ. ರಾತ್ರಿಯೆಲ್ಲ ಕುಳಿತ ಕೈಗಳಿಗೆ ಸಾಲಿಲ್ಲ. ಇನ್ನೂ ಒಂದು ಖರ್ಚು ಆ ಪಟ್ಟಿಗೆ ಬಹುಕಾಲ ಏರಲೇ ಇಲ್ಲ. ಸೀಸದ ಧೂಳು ಬೆರಳಿನಿಂದ ಬಾಯಿಗೆ, ಬಟ್ಟೆಯಿಂದ ತೊಟ್ಟಿಲಿಗೆ ಹೋಗುತ್ತದೆ. ದೊಡ್ಡವರಿಗಿಂತ ಮಕ್ಕಳ ಮೆದುಳಿಗೆ ಅದು ಹೆಚ್ಚು ಹಾನಿ ಮಾಡುತ್ತದೆ. ಅಮೆರಿಕ ಮನೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಅಡುಗೆಮನೆಗಳಲ್ಲಿ ಎರಕದ ಬಾಣಲೆ ಹಳೆಯದಾಗಿತ್ತು. ಎರಕವನ್ನು ಬಯಲಿನಲ್ಲೋ ಗಾಳಿಯಾಡುವ ಕೊಟ್ಟಿಗೆಯಲ್ಲೋ ಮಾಡಿ, ಆ ಪಾತ್ರೆಯನ್ನು ಅಡುಗೆಗೆ ಮುಟ್ಟಬೇಡಿ, ಮಕ್ಕಳನ್ನು ದೂರವಿಡಿ ಎಂದು ಇಂದಿನ ಕೈಪಿಡಿಗಳು ಎಚ್ಚರಿಸುತ್ತವೆ. ಲಿಚ್‌ಫೀಲ್ಡ್‌ನಲ್ಲಿ ಬಾಣಲೆಯ ಸುತ್ತ ಇದ್ದವರಲ್ಲಿ ಮಕ್ಕಳೂ ಇದ್ದರು.

ಈಗ ಬಿಟ್ಟಿ ಸೀಸದ ಕಾಲವೂ ಮುಗಿಯುತ್ತ ಬಂದಿದೆ. ಕ್ಯಾಲಿಫೋರ್ನಿಯ ಸೀಸದ ಚಕ್ರತೂಕಗಳನ್ನು ನಿಷೇಧಿಸಿತು. ಬೇರೆಡೆಯೂ ಸತು, ಉಕ್ಕಿನ ತುಂಡುಗಳು ಹೆಚ್ಚಿವೆ. ಉಕ್ಕು ಕರಗದೆ ಮೇಲೆ ತೇಲುತ್ತದೆ, ತೆಗೆದರಾಯಿತು. ಸತುವಾದರೆ ಸೀಸದಲ್ಲಿ ಬೆರೆತು ಇಡೀ ಪಾಕವನ್ನೇ ಕೆಡಿಸುತ್ತದೆ. ಹಾಗಾಗಿ ಗುಜರಿಯ ಬಕೆಟ್ಟನ್ನು ನೆಲಕ್ಕೆ ಸುರಿದು, ಒಂದೊಂದೇ ತುಂಡನ್ನು ಕೈಯಲ್ಲಿ ಹಿಡಿದು ಆರಿಸುವ ಕೆಲಸವೊಂದು ಹೊಸದಾಗಿ ಸೇರಿಕೊಂಡಿದೆ.