ಮುಡಿ ಮೂರು, ನುಡಿ ಒಂದು

ದಕ್ಷಿಣಾಪಥದ ಚರಿತ್ರೆಗೆ ವಾರಸುದಾರರಾದ ನಮಗೆ ಚೋಳ, ಪಾಂಡ್ಯ, ಚೇರರ ಕುಲವೈರ ಹೊಸತಲ್ಲ. ಹುಲಿ, ಮೀನು, ಬಿಲ್ಲುಗಳ ಲಾಂಛನ ಹೊತ್ತ ಈ ಮೂರು ರಾಜವಂಶಗಳು ಕ್ರಿಸ್ತಶಕದ ಆದಿಶತಮಾನಗಳಲ್ಲಿ ತಮಿಳು ನೆಲವನ್ನು ಸಮರಾಂಗಣವಾಗಿಸಿದವು. ವೆಣ್ಣಿಯಲ್ಲಿ ಕರಿಕಾಲ ಚೋಳನು ಚೇರ-ಪಾಂಡ್ಯರನ್ನು ಮುರಿದನು. ತಲೈಯಾಲಂಗಾನದಲ್ಲಿ ಪಾಂಡ್ಯ ನೆಡುಂಜೆಳಿಯನು ಚೇರ-ಚೋಳರ ಕೂಟವನ್ನು ಧೂಳೀಪಟ ಮಾಡಿದನು. ಏಕಚ್ಛತ್ರದ ಕನಸು ಆ ಯುಗದ ಯಾವ ದೊರೆಗೂ ಸ್ಥಿರವಾಗಿ ಕೈಗೂಡಲಿಲ್ಲ. ಅರಸರ ಖಡ್ಗಕ್ಕೆ ಅಸಾಧ್ಯವಾದ ಆ ಐಕ್ಯವನ್ನು ಸಾಧಿಸಿದವರು ಆಸ್ಥಾನದಿಂದ ಆಸ್ಥಾನಕ್ಕೆ ಸಂಚರಿಸಿದ ಕವಿಗಳು. ಪ್ರಣಯವನ್ನು ಅಹಂ ಎಂದೂ ಶೌರ್ಯ-ಔದಾರ್ಯಗಳನ್ನು ಪುರಂ ಎಂದೂ ವಿಂಗಡಿಸಿ, ಬೆಟ್ಟ, ಕಾಡು, ಗದ್ದೆ, ಕಡಲತೀರ, ಮರುಭೂಮಿಗಳಿಗೆ ಒಂದೊಂದು ಭಾವವನ್ನು ನಿಯಮಿಸಿ, ಅವರು ಇಡೀ ನೆಲವನ್ನೇ ಕಾವ್ಯವಾಗಿಸಿದರು. ತೊಲ್ಕಾಪ್ಪಿಯಂ ಗ್ರಂಥದ ಪೀಠಿಕೆಯು ಉತ್ತರದ ವೇಂಗಡಗಿರಿಗೂ ದಕ್ಷಿಣದ ಕುಮರಿಗೂ ನಡುವಿನ ದೇಶವನ್ನು ತಮಿಳು ನುಡಿಯುವ ಲೋಕವೆಂದು ಸಾರಿತು. ಆ ಸೀಮೆಯನ್ನು ಎಳೆದದ್ದು ಸೇನೆಯಲ್ಲ, ಭಾಷೆ.

ಈ ಲೌಕಿಕ ತಳಹದಿಯ ಮೇಲೆ ಧರ್ಮಗಳು ತಮ್ಮ ಸೌಧಗಳನ್ನು ಕಟ್ಟಿದವು. ಜೈನಕವಿ ಇಳಂಗೋ ಅಡಿಗಳ್ ರಚಿಸಿದನೆನ್ನುವ ಶಿಲಪ್ಪದಿಕಾರಂ ಚೋಳರ ಪುಹಾರ್, ಪಾಂಡ್ಯರ ಮದುರೈ, ಚೇರರ ವಂಜಿ ಎಂಬ ಮೂರು ರಾಜಧಾನಿಗಳ ಹೆಸರಿನ ಮೂರು ಕಾಂಡಗಳಲ್ಲಿ ಹರಿದು, ಅನ್ಯಾಯಕ್ಕೊಳಗಾದ ಒಬ್ಬ ವಣಿಕಸತಿಯ ಕೋಪದಲ್ಲಿ ಮೂರು ನಾಡುಗಳನ್ನೂ ಬೆಸೆಯಿತು. ಮಣಿಮೇಖಲೈ ಕಾವ್ಯ ಬೌದ್ಧರದಾಯಿತು. 1330 ದ್ವಿಪದಿಗಳ ತಿರುಕ್ಕುರಳ್ ಅನ್ನು ಎಲ್ಲ ಮತಗಳೂ ತಮ್ಮದೆಂದವು. ಅನಂತರ ಸುಮಾರು ಆರನೆಯ ಶತಮಾನದಿಂದ ಭಕ್ತಿಯ ಮಹಾಪೂರ ಉಕ್ಕಿತು. ಅಪ್ಪರ್, ಸಂಬಂಧರ್, ಸುಂದರರ್ ಮೊದಲಾದ ಶೈವ ನಾಯನ್ಮಾರರೂ ಹನ್ನೆರಡು ವೈಷ್ಣವ ಆಳ್ವಾರರೂ ಊರೂರಿನ ದೇವರನ್ನು ಹಾಡಿ, ನಾಡನ್ನೆಲ್ಲ ಕ್ಷೇತ್ರಮಾಲಿಕೆಯಾಗಿ ಪೋಣಿಸಿದರು. ಜೈನ-ಬೌದ್ಧರ ಮೇಲೆ ಅವರಲ್ಲಿ ಕೆಲವರು ತೋರಿದ ಕಾಠಿಣ್ಯವೂ ಚರಿತ್ರೆಯ ಸತ್ಯವೇ. ಆದರೆ ನಮ್ಮಾಳ್ವಾರ್, ಆಂಡಾಳರ ವಿರಹದಲ್ಲಿ ಮಿಡಿಯುವುದು ಪ್ರಾಚೀನ ಅಹಂ ಕಾವ್ಯದ ನಾಯಿಕೆಯ ಹೃದಯವೇ. ಲೌಕಿಕ ಪ್ರಣಯದ ಪರಿಭಾಷೆಯೇ ದೈವಪ್ರೇಮದ ವಾಣಿಯಾಯಿತು.

ಚೋಳಸಾಮ್ರಾಟರು ಈ ಸಂಪತ್ತಿನ ಬೆಲೆಯನ್ನು ಬಲ್ಲವರಾಗಿದ್ದರು. 1010ರಲ್ಲಿ ತಂಜಾವೂರಿನ ಬೃಹದೀಶ್ವರನನ್ನು ಪ್ರತಿಷ್ಠಾಪಿಸಿದ ರಾಜರಾಜನು, ಸನ್ನಿಧಿಯಲ್ಲಿ ನಾಯನ್ಮಾರರ ತಿರುಪ್ಪದಿಯಂ ಸ್ತುತಿಗಳನ್ನು ಹಾಡಲು 48 ಗಾಯಕರನ್ನು ನೇಮಿಸಿ ಅವರ ಜೀವಿತವನ್ನು ಶಿಲೆಯಲ್ಲಿ ಕೆತ್ತಿಸಿದನು. ನಂಬಿಯಾಂಡಾರ್ ನಂಬಿ ಶೈವಗೀತೆಗಳನ್ನೂ ನಾಥಮುನಿ ದಿವ್ಯಪ್ರಬಂಧವೆಂಬ ವೈಷ್ಣವ ಪಾಶುರಗಳನ್ನೂ ಸಂಕಲಿಸಿದರೆಂದು ಪರಂಪರೆ ಸ್ಮರಿಸುತ್ತದೆ. ರಾಜರಾಜನ ಮಗ ರಾಜೇಂದ್ರನ ಪಡೆ ಗಂಗೆಯನ್ನು ಮುಟ್ಟಿತು, ನೌಕೆಗಳು ಕಡಲಾಚೆಯ ಕಡಾರವನ್ನು ಗೆದ್ದವು. ಆದರೂ ವಿಧಿಯ ಚಕ್ರ ನಿಲ್ಲಲಿಲ್ಲ: 1279ರ ಹೊತ್ತಿಗೆ ಚೋಳವಂಶದ ಆಳ್ವಿಕೆ ಅಸ್ತಮಿಸಿತು, 1311ರಲ್ಲಿ ಮಲಿಕ್ ಕಾಫೂರನ ಸೇನೆ ಪಾಂಡ್ಯರ ಮದುರೈಯನ್ನು ಸೂರೆಗೈದಿತು. ಹಾಡು ಮಾತ್ರ ಸಿಂಹಾಸನಗಳ ಜೊತೆ ಉರುಳಲಿಲ್ಲ. ರಾಮಾನುಜರ ನೆನಪು ನೆಲೆಸಿರುವ ನಮ್ಮ ಮೇಲುಕೋಟೆಯಲ್ಲಿ ದಿವ್ಯಪ್ರಬಂಧದ ಪಾರಾಯಣ ಇಂದಿಗೂ ನಡೆಯುತ್ತದೆ.

ಕಾಲಾಂತರದಲ್ಲಿ ದೇವಸ್ತುತಿ ಉಳಿಯಿತು, ಲೋಕಕಾವ್ಯ ಓಲೆಗರಿಗಳಲ್ಲಿ ಮರೆಯಾಯಿತು. ಅದನ್ನು ಉದ್ಧರಿಸಲು ತಿರುವಾವಡುದುರೈ ಶೈವಮಠದ ಛಾಯೆಯಲ್ಲಿ ಕಲಿತ ಉ. ವೇ. ಸ್ವಾಮಿನಾಥ ಅಯ್ಯರ್ ಬರಬೇಕಾಯಿತು. 1880ರಲ್ಲಿ ಕುಂಭಕೋಣದ ನ್ಯಾಯಾಧಿಕಾರಿ ಸೇಲಂ ರಾಮಸ್ವಾಮಿ ಮೊದಲಿಯಾರರು ಪ್ರಾಚೀನ ಕಾವ್ಯಗಳ ಬಗ್ಗೆ ಪ್ರಶ್ನಿಸಿದಾಗ ಅಯ್ಯರರ ವಿದ್ಯಾಗರ್ವ ಕಳಚಿತು. ಊರಿನ ಜೈನ ಗೃಹಸ್ಥರಲ್ಲಿ ಶಾಸ್ತ್ರಾರ್ಥವನ್ನು ಕೇಳಿ ತಿಳಿದು 1887ರಲ್ಲಿ ಜೈನಕಾವ್ಯವಾದ ಜೀವಕ ಚಿಂತಾಮಣಿಯನ್ನೂ, ಬಳಿಕ 1892ರಲ್ಲಿ ಶಿಲಪ್ಪದಿಕಾರಂ, 1894ರಲ್ಲಿ ಪುರನಾನೂರು, 1898ರಲ್ಲಿ ಮಣಿಮೇಖಲೈಗಳನ್ನೂ ಮುದ್ರಿಸಿದರು. ಯಾಳ್ಪಾಣದ ದಾಮೋದರಂ ಪಿಳ್ಳೈಯವರೂ ಈ ಮಹಾಕಾರ್ಯದಲ್ಲಿ ಸಹಯಾತ್ರಿಗಳು. 2004ರಲ್ಲಿ ಭಾರತ ಸರ್ಕಾರ ತಮಿಳಿಗೆ ನೀಡಿದ ಶಾಸ್ತ್ರೀಯ ಸ್ಥಾನದ ಹಿಂದೆ ಈ ತಪಸ್ಸಿದೆ. ಜಿನಭಕ್ತನ ಕಾವ್ಯವನ್ನು ಶೈವಮಠದ ಶಿಷ್ಯನೊಬ್ಬ ಜೀವಮಾನವನ್ನೇ ಸವೆಸಿ ಉಳಿಸಿದನೆಂಬುದೇ ಆ ನಾಡಿನ ಅಂತಃಸತ್ತ್ವಕ್ಕೆ ಸಾಕ್ಷಿ. ಭಕ್ತಿ ತಮಿಳರಿಗೆ ದೇವಾಲಯವನ್ನಿತ್ತಿತು, ಲೌಕಿಕ ಕಾವ್ಯ ದೇಶವನ್ನಿತ್ತಿತು. ಎರಡೂ ಕೂಡಿದಲ್ಲಿ ಯಾವ ಅರಸನೂ ಕೊಡಲಾಗದ, ಯಾವ ದಂಡೂ ಕಸಿಯಲಾಗದ ಅಸ್ಮಿತೆ ನಿಂತಿತು.