ಕಲ್ಲುಕುಟಿಗನ ಉಸಿರು

ಹಂಪಿಯ ಬಂಡೆಗಳ ನಡುವೆ ಸುಮ್ಮನೆ ಅಡ್ಡಾಡಿದರೂ ಸಾಲುಗುಳಿಗಳು ಕಣ್ಣಿಗೆ ಬೀಳುತ್ತವೆ. ಬಂಡೆಯ ಮೈಮೇಲೆ ಒಂದರ ಪಕ್ಕ ಒಂದರಂತೆ, ನೂಲು ಹಿಡಿದಷ್ಟು ನೇರವಾಗಿ ತೋಡಿದ ಚಿಕ್ಕ ಗುಳಿಗಳು. ಕೆಲವೆಡೆ ಬಂಡೆ ಆ ಸಾಲಿಗೇ ಸೀಳಿ ಅರ್ಧ ಭಾಗ ಎಲ್ಲೋ ಗುಡಿಯ ಕಂಬವಾಗಿ ಹೋಗಿದೆ. ಕೆಲವೆಡೆ ಗುಳಿ ತೋಡಿದ್ದಷ್ಟೇ, ಬಂಡೆ ಇದ್ದಂತೆ ಇದೆ. ಗುಳಿಗೆ ಬೆಣೆ ಹೊಡೆದು ಸೀಳುವ ಈ ಕೆಲಸದಲ್ಲಿ ಕಲ್ಲನ್ನು ಕೊಯ್ಯುವುದಿಲ್ಲ; ಬಿರುಕು ತಾವು ಹೇಳಿದ ದಾರಿಯಲ್ಲೇ ಓಡುವಂತೆ ಮಾಡುತ್ತಾರೆ. ಪುಡಿಯಾಗುವುದು ಗುಳಿಯೊಳಗಿನ ಹಿಡಿಯಷ್ಟು ಕಲ್ಲು ಮಾತ್ರ. ಅದೂ ಬಯಲಿನಲ್ಲಿ, ಗಾಳಿಗೆ. ಕಲ್ಲುಕುಟಿಗನ ಕೌಶಲವೆಂದು ನಾವು ಹೊಗಳುವುದರಲ್ಲಿ ಅವನ ಉಸಿರಿನ ರಕ್ಷಣೆಯೂ ಸ್ವಲ್ಪ ಬೆರೆತಿತ್ತು. ಅವನೇನೂ ಅದನ್ನು ಲೆಕ್ಕ ಹಾಕಿರಲಿಲ್ಲ, ಹತಾರವೇ ನಿಧಾನವಾಗಿತ್ತು. ಇಂದು ಅಂಗಡಿಯಲ್ಲಿ ಕಟಿಂಗ್ ಮಷೀನ್ ಕೊಂಡು ಅಡುಗೆಕಟ್ಟೆಗೆ ತಾನೇ ಗ್ರಾನೈಟ್ ಕೊಯ್ಯಲು ಹೊರಡುವವನ ಸುರಕ್ಷತೆಯ ಮಾತು ಬಂದಾಗ ನಾವು ‘ಜಾಗ್ರತೆ’ಯ ಉಪದೇಶಕ್ಕೆ ಇಳಿಯುತ್ತೇವೆ. ಕಲ್ಲುಕೆಲಸದ ಚರಿತ್ರೆ ಹೇಳುವುದು ಬೇರೆಯದನ್ನೇ: ಅಪಾಯ ಹೆಚ್ಚಿದ್ದು ಹತಾರದ ವೇಗದಿಂದ, ತಗ್ಗಿದ್ದು ಹತಾರವನ್ನೂ ಜಾಗವನ್ನೂ ಬದಲಿಸಿದ್ದರಿಂದ.

ಹಳೆಯ ಕಾಲವನ್ನು ಹೀಗೆ ಹೊಗಳುವುದು ಸರಿಯೇ ಎಂದು ಕೇಳಬಹುದು. ಪೂರ್ತಿ ಸರಿಯಲ್ಲ. ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿ ಕಸುಬುಗಳ ರೋಗಗಳ ಬಗ್ಗೆ ಬರೆದ ಗ್ರಂಥದಲ್ಲೇ ಕಲ್ಲುಕುಟಿಗರ ಶ್ವಾಸಕೋಶದ ಸಂಕಟ ಬರುತ್ತದೆ. ಆಗ ಕೈಯಲ್ಲಿದ್ದದ್ದು ಉಳಿ, ಸುತ್ತಿಗೆಗಳೇ. ಕೈಕೆಲಸದ ದೂಳೂ ಕೊಲ್ಲುತ್ತಿತ್ತು. ಆದರೆ ಪ್ರಮಾಣದ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಅಮೆರಿಕದ ವರ್ಮಾಂಟ್ ರಾಜ್ಯದ ಬ್ಯಾರೆ ಎಂಬ ಊರು ಸಾಕ್ಷಿ. ಗ್ರಾನೈಟನ್ನೇ ನಂಬಿ ಬೆಳೆದ ಆ ಊರಿಗೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನಿಂದಲೂ ಇಟಲಿಯಿಂದಲೂ ಕುಶಲಿಗಳು ಬಂದರು. ಇಟಲಿಯ ಕರಾರಾ ಕಡೆಯಿಂದ ಬಂದವರು ಅಮೃತಶಿಲೆ ಕೆತ್ತಿ ಪಳಗಿದವರು. ಅಮೃತಶಿಲೆ ಎಂದರೆ ಸುಣ್ಣದ ವಂಶ. ಅದರಲ್ಲಿ ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್, ಇಲ್ಲವೆನ್ನುವಷ್ಟು ಕಡಿಮೆ. ಗ್ರಾನೈಟಿನಲ್ಲಿ ಅದು ಐದನೆಯ ಒಂದು ಭಾಗಕ್ಕಿಂತ ಹೆಚ್ಚು. ಅದೇ ಕೈ, ಅದೇ ಪಳಗಿಕೆ, ಕಲ್ಲು ಮಾತ್ರ ಬೇರೆ. ಸಾಲದ್ದಕ್ಕೆ ಗಾಳಿಯೊತ್ತಡದ ಉಳಿಗಳು ಬಂದವು, ಚಳಿಗೆ ಮುಚ್ಚಿದ ಶೆಡ್ಡುಗಳು ಬಂದವು. ಉಳಿ ನಿಮಿಷಕ್ಕೆ ಸಾವಿರಾರು ಪೆಟ್ಟು ಹಾಕತೊಡಗಿದಾಗ ಏಳುವ ದೂಳು ಕಣ್ಣಿಗೆ ಕಾಣುವ ಪುಡಿಯಷ್ಟೇ ಅಲ್ಲ; ಒಂದು ಮಿಲಿಮೀಟರಿನ ಇನ್ನೂರನೆಯ ಭಾಗಕ್ಕೂ ಸಣ್ಣ ಸ್ಫಟಿಕಶಿಲೆಯ ಕಣ ಮೂಗು, ಗಂಟಲು ದಾಟಿ ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಗಾಯದ ಗಂಟು ಕಟ್ಟುತ್ತದೆ. ಅದೇ ಸಿಲಿಕೋಸಿಸ್. ಮೇಲೆ ಕ್ಷಯವೂ ಸೇರಿದರೆ ಮುಗಿಯಿತು. ಬ್ಯಾರೆಯ ಹೋಪ್ ಸ್ಮಶಾನದಲ್ಲಿ ಲೂಯಿ ಬ್ರೂಸಾ ಎಂಬ ಶಿಲ್ಪಿಯ ಗೋರಿಯ ಮೇಲೆ ಗ್ರಾನೈಟಿನದೇ ಒಂದು ಶಿಲ್ಪವಿದೆ: ಕುಸಿಯುತ್ತಿರುವ ಗಂಡಸು, ಅವನನ್ನು ಹಿಡಿದುಕೊಂಡ ಹೆಂಗಸು. ಬ್ರೂಸಾ ಸತ್ತದ್ದು 1937ರಲ್ಲಿ, ಈ ರೋಗದಿಂದಲೇ. ಆ ದಶಕದ ಕೊನೆಗೆ ಶೆಡ್ಡುಗಳಲ್ಲಿ ಪ್ರತಿ ಉಳಿಯ ಬಾಯಿಗೂ ದೂಳು ಹೀರುವ ಕೊಳವೆ ಬಂತು. ಅನಂತರ ಕೆಲಸಕ್ಕೆ ಸೇರಿದವರಲ್ಲಿ ರೋಗ ಹೆಚ್ಚುಕಡಿಮೆ ಮಾಯವಾಯಿತು. ಕೆಲಸಗಾರರು ಇದ್ದಕ್ಕಿದ್ದಂತೆ ಜಾಣರಾದರೆಂದು ಇದಕ್ಕೆ ಅರ್ಥ ಹಚ್ಚಲಾಗದು.

ನಮ್ಮಲ್ಲಿಗೆ ಈ ತಿಳಿವಳಿಕೆ ತಡವಾಗಿ ಬಂತೆನ್ನುವಂತೆಯೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಕೊರೆಯುತ್ತಿದ್ದದ್ದೂ ಸ್ಫಟಿಕಶಿಲೆಯನ್ನೇ. ಮೈಸೂರು ಸಂಸ್ಥಾನ 1940ರಲ್ಲಿಯೇ ಸಿಲಿಕೋಸಿಸ್ ಕುರಿತು ನಿಯಮ ತಂದಿತ್ತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ಅದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಆ ಕಾಯ್ದೆಯ ಕಣ್ಣಿಗೆ ಕಾರ್ಖಾನೆ ಎಂದರೆ ವಿದ್ಯುತ್ ಬಳಸಿದರೆ ಹತ್ತಾದರೂ, ಇಲ್ಲದಿದ್ದರೆ ಇಪ್ಪತ್ತಾದರೂ ಜನ ದುಡಿಯುವ ಜಾಗವಾಗಿತ್ತು. ಅರ್ಧ ಕಟ್ಟಿದ ಮನೆಯ ಹಾಲಿನಲ್ಲಿ ಒಬ್ಬ ಮೇಸ್ತ್ರಿ, ಒಬ್ಬ ಹುಡುಗ, ಒಂದು ಮಷೀನು; ಇದನ್ನು ಯಾರೂ ಕಾರ್ಖಾನೆ ಎನ್ನಲಿಲ್ಲ. ಗಣಿಯಲ್ಲಿ, ಶೆಡ್ಡಿನಲ್ಲಿ ಕಲಿತ ಪಾಠ ಹೊಸ್ತಿಲಾಚೆಯೇ ಉಳಿದದ್ದು ಹೀಗೆ.

ಹೊಸ್ತಿಲು ದಾಟಿ ಒಳಗೆ ಬಂದದ್ದು ಮಷೀನು. ಕೈಯಲ್ಲಿ ಹಿಡಿಯುವ ಅತಿವೇಗದ ಆ್ಯಂಗಲ್ ಗ್ರೈಂಡರ್ ಜರ್ಮನಿಯಲ್ಲಿ ಹುಟ್ಟಿದ್ದು 1954ರಲ್ಲಿ. ಕೃತಕ ವಜ್ರ ಮಾಡಿದೆವೆಂದು ಜನರಲ್ ಎಲೆಕ್ಟ್ರಿಕ್ ಕಂಪನಿ ಸಾರಿದ್ದು 1955ರಲ್ಲಿ. ಇವೆರಡೂ ಕೂಡಿದ ಮೇಲೆ ಗ್ರಾನೈಟ್ ಯಾರ ಕೈಗಾದರೂ ಬಗ್ಗುವ ಕಲ್ಲಾಯಿತು. ನಾಲ್ಕೂಕಾಲು ಇಂಚಿನ ಬ್ಲೇಡು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ಹಾಕಿದರೆ ಅದರ ಅಂಚು ಗಂಟೆಗೆ ಸುಮಾರು 245 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಕೊಯ್ಯುವ ಬಲ ಹೀಗೆ ಅಗ್ಗವಾಯಿತು, ಕಲ್ಲನ್ನು ಅರಿಯುವ ಬುದ್ಧಿ ಆಗಲಿಲ್ಲ. ಎಂಟಡಿ ಉದ್ದ, ಎರಡಡಿ ಅಗಲ, ಮುಕ್ಕಾಲಿಂಚು ದಪ್ಪದ ಸ್ಲ್ಯಾಬು ಸುಮಾರು 75 ಕೆ.ಜಿ. ತೂಗುತ್ತದೆ, ಪಳಗಿದವರು ಅದನ್ನು ನಿಲ್ಲಿಸಿಕೊಂಡೇ ಹೊರುತ್ತಾರೆ, ಅಡ್ಡಡ್ಡ ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ಮುರಿಯುತ್ತದೆಂದು ಅವರಿಗೆ ಗೊತ್ತು. ಸಿಂಕಿನ ಕಿಂಡಿ ತೆಗೆಯುವಾಗ ಮೊದಲು ನಾಲ್ಕು ಮೂಲೆಗೂ ದುಂಡನೆಯ ತೂತು ಕೊರೆದು ಆಮೇಲೆ ಬ್ಲೇಡು ಓಡಿಸುತ್ತಾರೆ. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. ಹಂಪಿಯ ಗುಳಿ ತೋಡಿದವನೂ ಇದೇ ಬಿರುಕನ್ನು ಬಲ್ಲವನು, ಅವನಿಗೆ ಅದು ಬೇಕಿತ್ತು, ಇವರಿಗೆ ಬೇಡ.

ಒಂದು ಕಟ್ಟೆ ಕೊಯ್ದರೆ ಯಾರಿಗೂ ಸಿಲಿಕೋಸಿಸ್ ಬರುವುದಿಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಸಾಮಾನ್ಯವಾಗಿ ಅದು ವರ್ಷಗಟ್ಟಲೆ ಸೇರುತ್ತ ಬರುವ ವಿಷ. ಒಮ್ಮೆ ಕೊಯ್ಯುವ ಮನೆಯೊಡೆಯನಿಗೆ ಹೆಚ್ಚಿನ ಗಂಡಾಂತರ ಸಿಕ್ಕಿಕೊಂಡು ಹಿಂದಕ್ಕೆ ಒದೆಯುವ ಬ್ಲೇಡಿನದು, ಕಾಲ ಮೇಲೆ ಬೀಳುವ ಸ್ಲ್ಯಾಬಿನದು. ಆದರೆ ಮನೆಯೊಡೆಯ ಒಮ್ಮೆ ಕೊಯ್ಯುವ ರೀತಿಯಲ್ಲೇ, ಅದೇ ಒಣ ಬ್ಲೇಡಿನಿಂದ, ಮೂಗಿಗೆ ಕರ್ಚೀಫು ಕಟ್ಟಿ, ಮೇಸ್ತ್ರಿ ದಿನವೂ ಕೊಯ್ಯುತ್ತಾನೆ. ದೂಳಿನ ಆ ಸಣ್ಣ ಕಣಕ್ಕೆ ಕರ್ಚೀಫಿನ ನೇಯ್ಗೆ ಹೆಬ್ಬಾಗಿಲಿದ್ದಂತೆ. ಕಲ್ಲಿನ ಹೆಸರೂ ದಾರಿ ತಪ್ಪಿಸುತ್ತದೆ. ಚಾಮರಾಜನಗರದ ಕರಿ ಗ್ರಾನೈಟ್ ಭೂವಿಜ್ಞಾನಿಯ ಲೆಕ್ಕದಲ್ಲಿ ಗ್ರಾನೈಟೇ ಅಲ್ಲ, ಡೋಲರೈಟ್; ಅದರಲ್ಲಿ ಸ್ಫಟಿಕಶಿಲೆ ಅಲ್ಪ. ಇಳಕಲ್ಲಿನ ಕೆಂಪುಕಲ್ಲಿನ ಮಾತು ಬೇರೆ. ಇನ್ನು ಅಂಟು ಬೆರೆಸಿ ಅಚ್ಚು ಹಾಕಿದ ‘ಕ್ವಾರ್ಟ್ಜ್’ ಕಟ್ಟೆಗಳಲ್ಲಿ ಸ್ಫಟಿಕಶಿಲೆ ನೂರಕ್ಕೆ ತೊಂಬತ್ತರಷ್ಟಿರುವುದುಂಟು. ಆಸ್ಟ್ರೇಲಿಯ 2024ರ ಜುಲೈ 1ರಿಂದ ಅಂಥ ಕಲ್ಲನ್ನೇ ನಿಷೇಧಿಸಿತು. ಕೊಯ್ಯುವವರಿಗೆ ಎಚ್ಚರ ಹೇಳಿ ಸುಮ್ಮನಾಗಲಿಲ್ಲ.

ನೀರು ಹಾಕಿ ಕೊಯ್ಯಿರಿ ಎಂದರೆ ಕರೆಂಟು ಹೊಡೆದೀತೆಂಬ ಭಯ ನ್ಯಾಯವಾದದ್ದೇ. ನೀರಿಗೆಂದೇ ಮಾಡಿದ ಕಟರು, ಕರೆಂಟು ಸೋರಿದ ತಕ್ಷಣ ಕಡಿಯುವ ಸ್ವಿಚ್ಚು ಎರಡೂ ಬೇಕು. ಎಷ್ಟೋ ಕಡೆ ಕಾಣುವುದು ಬಡವರ ಏರ್ಪಾಡು: ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ ಹಿಂಡುತ್ತ ಹುಡುಗ ಬ್ಲೇಡಿನ ದಾರಿಗೆ ನೀರು ಬಿಡುತ್ತಾನೆ, ದೂಳು ಏಳುವ ಬದಲು ಹಾಲಿನಂಥ ಕೆಸರಾಗಿ ನೆಲಕ್ಕಿಳಿಯುತ್ತದೆ. ಆ ಕೆಸರನ್ನು ಹಸಿಯಿರುವಾಗಲೇ ತೊಳೆಯಬೇಕು. ಹಾಗೇ ಬಿಟ್ಟರೆ ರಾತ್ರಿ ಒಣಗಿ, ಬೆಳಿಗ್ಗೆ ಕಸ ಗುಡಿಸಲು ಬಂದವಳ ಪೊರಕೆಗೆ ಮತ್ತೆ ದೂಳಾಗಿ ಏಳುತ್ತದೆ.