ಕಿಡಿಯ ಕಥೆ: ಪಾಯಿಂಟಿನಿಂದ ಸಿಡಿಐವರೆಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಉಪಾಧ್ಯಾಯನಾಗಿದ್ದ ನನ್ನನ್ನು ಬಸ್ಸು ಕಾಣದ ಊರುಗಳಿಗೆ ಮುಟ್ಟಿಸಿದ್ದು ಮೋಟಾರ್ ಬೈಕು. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ, "ಸಾರ್, ಗಾಡೀಲಿ ಸ್ಪಾರ್ಕೇ ಬರ್ತಿಲ್ಲ" ಎಂದಾಗ ಹಳೆಯ ಪ್ರಸಂಗವೊಂದು ನೆನಪಾಯಿತು. ಅದಕ್ಕೆ ಮುನ್ನ ತುಸು ಇತಿಹಾಸ.

1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನಿಮಗೆ ತರಗತಿಯಲ್ಲಿ ಬೋಧಿಸಿದ್ದೇನೆ. ಕಾಯಿಲ್‌ನಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಹೀಗೆ ಕಡಿಯುವ ಕೆಲಸ ಪಾಯಿಂಟಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, ಅನಂತರದ ಯೆಜ್ಡಿ ಬೈಕುಗಳನ್ನು ಓಡಿಸಿದವರು ಇದನ್ನು ಬಲ್ಲರು. ಕಿಡಿ ನಿಂತರೆ ಮುಚ್ಚಳ ತೆಗೆದು, ಉಪ್ಪುಕಾಗದದಿಂದ ಪಾಯಿಂಟ್ ಉಜ್ಜಿ, ಸುಮಾರು 0.4 ಮಿಲಿಮೀಟರ್ ಅಂತರವಿಟ್ಟರೆ ಬಹುಪಾಲು ಗಾಡಿ ಹೊರಡುತ್ತಿತ್ತು. ದೋಷ ಕಣ್ಣಿಗೆ ಕಾಣುತ್ತಿತ್ತು.

1980ರ ದಶಕದ ನಡುವೆ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದ ಮೇಲೆ ಎಲೆಕ್ಟ್ರಾನಿಕ್ ಇಗ್ನಿಷನ್ ನಮ್ಮ ಊರುಗಳಲ್ಲೂ ಹರಡಿತು. ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್ ಅಥವಾ ಸಿಡಿಐ ಎಂಬ ಈ ಪೆಟ್ಟಿಗೆಯೊಳಗಿನ ಕೆಪಾಸಿಟರ್ ನೂರಾರು ವೋಲ್ಟ್ ತುಂಬಿಕೊಂಡು, ಪಲ್ಸರ್ ಕಾಯಿಲ್ ಸೂಚನೆ ಕೊಟ್ಟ ಕ್ಷಣದಲ್ಲಿ ಅದನ್ನು ಇಗ್ನಿಷನ್ ಕಾಯಿಲಿಗೆ ಸುರಿಯುತ್ತದೆ. ಸವೆಯುವ ಪಾಯಿಂಟ್ ಇಲ್ಲ, ಉಜ್ಜುವ ಗೋಜಿಲ್ಲ. ಆದರೆ ಪೆಟ್ಟಿಗೆಯನ್ನು ಬಿಚ್ಚಿ ನೋಡುವಂತೆಯೂ ಇಲ್ಲ. ಹೀಗಾಗಿ ಕಿಡಿ ನಿಂತರೆ ತಪ್ಪೆಲ್ಲ ಅದರ ತಲೆಗೇ ಬೀಳತೊಡಗಿತು.

ತೊಂಬತ್ತರ ದಶಕದ ಒಂದು ಮಾರ್ಚ್ ತಿಂಗಳು. ನಾಳೆ ಎಸ್.ಎಸ್.ಎಲ್.ಸಿ. ಪರೀಕ್ಷೆ. ಪಾವಗಡದ ಕಡೆಯ ಹಳ್ಳಿಯ ಮಕ್ಕಳ ಪ್ರವೇಶಪತ್ರಗಳು ನನ್ನ ಚೀಲದಲ್ಲಿದ್ದವು. ಮಿಡಿಗೇಶಿಯ ಬಳಿ ಗಾಡಿ ನಿಂತಿತು. ಹೊತ್ತು ಇಳಿಯುತ್ತಿತ್ತು. ದಾರಿಹೋಕರೊಬ್ಬರು, "ಸಿಡಿಐ ಹೋಗಿದೆ ಮೇಷ್ಟ್ರೇ, ತುಮಕೂರಿನಿಂದಲೇ ತರಿಸಬೇಕು" ಎಂದರು. ನನಗೆ ಕೈಕಾಲು ಆಡಲಿಲ್ಲ.

ಗಾಡಿಯನ್ನು ತಳ್ಳಿಕೊಂಡು ಹೋದಾಗ ಸಿಕ್ಕಿದ ಮೆಕ್ಯಾನಿಕ್ ಹುಡುಗ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ಒತ್ತಿಟ್ಟು ಕಿಕ್ ಹೊಡೆದ. ಕಿಡಿಯಿಲ್ಲ. ಹೊಸ ಪ್ಲಗ್ ಹಾಕಿದ, ಕ್ಯಾಪ್ ಬದಲಿಸಿದ. ಆಗಲೂ ಇಲ್ಲ. ಬಳಿಕ ಬೀಗದ ಸ್ವಿಚ್ಚಿನಿಂದ ಸಿಡಿಐಗೆ ಬರುವ ತಂತಿಯನ್ನು ಕಳಚಿ ಕಿಕ್ ಹೊಡೆದ. ನೀಲಿ ಕಿಡಿ ಚಟಪಟ ಹಾರಿತು!

ಆ ಗಾಡಿಯಲ್ಲಿ ಬೀಗ ತಿರುಗಿಸಿ ಎಂಜಿನ್ ನಿಲ್ಲಿಸಿದಾಗ ಆಗುತ್ತಿದ್ದುದು ಇಷ್ಟೇ: ಆ ತಂತಿ ಅರ್ತ್ ಆಗಿ ಕಿಡಿ ಸಾಯುತ್ತಿತ್ತು. ಹ್ಯಾಂಡಲಿನ ಬುಡದಲ್ಲಿ ಅದರ ಹೊದಿಕೆ ಸವೆದು ತಾಮ್ರ ಚೌಕಟ್ಟಿಗೆ ತಾಗಿತ್ತು. ಬೀಗ ತೆರೆದಿದ್ದರೂ ಗಾಡಿ ಮಾತ್ರ ತನ್ನನ್ನು ಯಾರೋ ನಿಲ್ಲಿಸಿದ್ದಾರೆಂದೇ ತಿಳಿದಿತ್ತು. ಹುಡುಗ ಟೇಪು ಸುತ್ತಿದ. ಕತ್ತಲಾಗುವ ಮುನ್ನ ಪ್ರವೇಶಪತ್ರಗಳು ಮಕ್ಕಳ ಕೈಸೇರಿದವು.

ಫೋನು ಮಾಡಿದ ಶಿಷ್ಯರಿಗೂ ಇದನ್ನೇ ಹೇಳಿದೆ. ಪ್ಲಗ್, ಕ್ಯಾಪ್, ಸ್ವಿಚ್ಚಿನ ತಂತಿ, ಅರ್ತ್ ಮೊದಲು. ಬಳಿಕ ಮೀಟರ್ ಹಿಡಿದು ಕಾಯಿಲುಗಳು. ಪೆಟ್ಟಿಗೆ ಕಟ್ಟಕಡೆಗೆ, ಅದೂ ಸರಿಯಿರುವ ಇನ್ನೊಂದನ್ನು ಹಾಕಿ ನೋಡಿದ ಮೇಲೆ. ಪೆಟ್ರೋಲ್ ದೂರವಿರಲಿ, ತಂತಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ.

ಕಾಣದ್ದನ್ನು ದೂರುವ ಮೊದಲು ಕಾಣುವುದನ್ನೆಲ್ಲ ಪರೀಕ್ಷಿಸಬೇಕು. ಈ ಪಾಠವನ್ನು ನಾನು ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದಿದ್ದೆ. ಕಲಿತದ್ದು ಮಾತ್ರ ಮಿಡಿಗೇಶಿಯ ಆ ಹುಡುಗನಿಂದ.